ಕಳಿಸುವವಳ ಕುರ್ಚಿ

ಮಂಗಳವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ,

ಅಮ್ಮನ ಮುದ್ದು. ನಿನ್ನ ಪತ್ರ ಬಂದು ಮೇಜಿನ ಮೇಲೆ ಕೂತು ಬಹಳ ದಿನವಾಯಿತು. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಬರೆಯುತ್ತೇನೆ, ಬರೆಯುತ್ತೇನೆ ಎಂದು ಜಾರಿಕೊಂಡೆ. ದಿನವಿಡೀ ಫೋನಿನಲ್ಲಿ ಮಾತಾಡಿಯೇ ಹೊಟ್ಟೆ ಹೊರೆಯುವವಳಿಗೆ ಮನೆಯ ಮಾತನ್ನೂ ಅದರಲ್ಲೇ ಆಡಲು ನಾಲಿಗೆ ಏಳುವುದಿಲ್ಲ. ಇವತ್ತು ರಜೆ ಹಾಕಿದ್ದೇನೆ. ಕಾಫಿ ಮಾಡಿಕೊಂಡು, ಬಾಲ್ಕನಿಯ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದೇನೆ. ಎಲ್ಲ ಬರೆದುಬಿಡುತ್ತೇನೆ.

ಮೊದಲು ನಿನ್ನ ಪದದ ವಿಷಯ. ಮನೆಯವರ ಕೆಲಸಕ್ಕೆ ಸಂಬಂಧಿಸಿದ ಒಂದು ಇಂಗ್ಲಿಷ್ ಪದ ಹಿಡಿದು ಅದರ ಹುಟ್ಟನ್ನು ಹುಡುಕಿ ಎಂದು ನಿಮ್ಮ ಮೇಷ್ಟ್ರು ಹೇಳಿದರೆ, ನೀನು ನಮ್ಮ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಬಾಗಿಲ ಮೇಲಿನ ಪದವನ್ನೇ ಹಿಡಿದೆಯಲ್ಲ, ನನಗೆ ಒಳಗೊಳಗೇ ಹೆಮ್ಮೆ. ಡಿಸ್ಪ್ಯಾಚ್. ಇಷ್ಟು ವರ್ಷ ಆ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿದ್ದೇನೆ. ಅದಕ್ಕೊಂದು ಹುಟ್ಟು ಇರಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ. ನಮ್ಮ ಪಾಲಿಗೆ ಅದರ ಅರ್ಥ ಒಂದೇ: ಕರೆ ಬಂತು, ಗಾಡಿ ಕಳಿಸಿದೆವು, ಮುಂದಿನ ಕರೆ.

ನೀನು ಬರೆದ ಕಾಗುಣಿತದ ಸಂಗತಿಯನ್ನು ನಮ್ಮ ಸೂಪರ್‌ವೈಸರ್‌ಗೆ ಹೇಳಿದೆ. ಬಾಗಿಲ ಮೇಲೆ ಪೇಂಟರ್ ‘ಡೆಸ್ಪ್ಯಾಚ್’ ಅಂತ ಬರೆದಿದ್ದಾನೆ, ಗುರುತಿನ ಚೀಟಿಯಲ್ಲಿ ‘ಡಿಸ್ಪ್ಯಾಚ್’ ಅಂತಿದೆ. ಪೇಂಟರ್ ದಡ್ಡ ಎಂದು ಇವರು ವರ್ಷಗಟ್ಟಲೆ ಗೊಣಗಿದ್ದಾರೆ. ಹಳೆಯ ದೊಡ್ಡ ನಿಘಂಟೊಂದರಲ್ಲಿ ‘ಡೆ’ ಎಂದು ಅಚ್ಚಾಗಿ, ಅದೂ ಚಾಲ್ತಿಗೆ ಬಂದು, ಈಗ ಎರಡೂ ಸರಿಯಂತೆ ಸರ್ ಎಂದೆ. ಮುಖ ಹುಳ್ಳಗಾಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿನ್ನ ಪತ್ರದ ಎರಡನೆಯ ಪುಟ. ಈ ಪದ ಇಟಲಿಯಿಂದಲೋ ಸ್ಪೇನಿನಿಂದಲೋ ಬಂದದ್ದು, ಅಲ್ಲಿ ‘ತಡೆ, ತೊಡಕು’ ಎನ್ನುವ ಮಾತೊಂದಿತ್ತು, ಅದನ್ನು ತಿರುಗಿಸಿ ‘ತೊಡಕು ಬಿಡಿಸು, ಬೇಗ ಸಾಗಹಾಕು’ ಎಂದು ಮಾಡಿಕೊಂಡರು ಎಂದು ಬರೆದಿದ್ದೀಯ. ಫ್ರೆಂಚಿನಲ್ಲಿ ಇದನ್ನೇ ಹೋಲುವ ಇನ್ನೊಂದು ಪದವಿದೆಯಂತೆ, ಅದರ ಬೇರು ಕಾಲಿನ ಕೋಳ ಬಿಡಿಸುವುದು. ಜನ ಇವೆರಡನ್ನೂ ಕಲಸಿಬಿಡುತ್ತಾರೆ, ನೀನು ಕಲಸಬೇಡ ಅಮ್ಮಾ ಎಂದು ಎಚ್ಚರಿಕೆ ಬೇರೆ ಕೊಟ್ಟಿದ್ದೀಯ. ಆಯಿತು, ಕಲಸುವುದಿಲ್ಲ. ಕೆಲಸವನ್ನು ಚಕಚಕನೆ ಮುಗಿಸುವುದಕ್ಕೂ ಅದೇ ಪದ, ಮನುಷ್ಯನನ್ನು ಮುಗಿಸುವುದಕ್ಕೂ ಅದೇ ಪದ ಎಂದು ಓದಿದಾಗ ಮಾತ್ರ ಮೈ ಜುಮ್ಮೆಂದಿತು. ಕೊನೆಯಲ್ಲಿ ನೀನು ಒಂದು ಪ್ರಶ್ನೆ ಬರೆದಿದ್ದೆ: ‘ಊರಿನವರ ತೊಡಕೆಲ್ಲ ಬಿಡಿಸೋ ನೀನು ಯಾವಾಗ ಎದ್ದು ಹೊರಡ್ತೀಯಾ?’ ನಗಿಸಲೆಂದೇ ಬರೆದಿದ್ದೆ, ಗೊತ್ತು. ನನಗೆ ನಗು ಬರಲಿಲ್ಲ.

ನಮ್ಮ ರೂಮನ್ನು ನೀನು ನೋಡಿಲ್ಲ. ಕಿಟಕಿಯಿಲ್ಲ. ಎರಡು ಕುರ್ಚಿ, ಎರಡು ಪರದೆ, ಗೋಡೆಯ ಮೇಲೆ ಊರಿನ ನಕ್ಷೆ. ಕಿವಿಗೆ ಸಿಕ್ಕಿಸಿಕೊಂಡ ಹೆಡ್‌ಫೋನಿನ ವೈರು ಎಷ್ಟು ಉದ್ದವೋ ಅಷ್ಟೇ ನನ್ನ ಲೋಕ; ನೀರಿನ ಬಾಟಲಿ ಕೆಳಗೆ ಬಿದ್ದು ಉರುಳಿದರೆ ಎಟುಕುವುದಿಲ್ಲ, ಪಕ್ಕದ ಕುರ್ಚಿಯ ಹುಡುಗಿ ಕಾಲಿನಿಂದ ಇತ್ತ ತಳ್ಳಬೇಕು. ಬಚ್ಚಲಿಗೆ ಹೋಗಬೇಕಾದರೆ ಶಾಲೆಯ ಮಕ್ಕಳ ಹಾಗೆ ಕೈ ಎತ್ತುತ್ತೇವೆ. ಈ ಊರಿನ ಒಂದೊಂದು ಗಲ್ಲಿಯೂ ನನಗೆ ಬಾಯಿಪಾಠ. ಯಾವುದು ಕುರುಡು ಗಲ್ಲಿ, ಎಲ್ಲಿ ಗಾಡಿ ತಿರುಗುವುದಿಲ್ಲ, ಎಲ್ಲ ಹೇಳಬಲ್ಲೆ. ಅರ್ಧಕ್ಕರ್ಧ ಗಲ್ಲಿಗಳಲ್ಲಿ ಕಾಲಿಟ್ಟಿಲ್ಲ. ಡ್ಯೂಟಿ ಮುಗಿದರೆ ಮನೆ, ಮನೆಯಲ್ಲಿ ಅಜ್ಜಿ, ಅಜ್ಜಿ ಮಲಗಿದರೆ ನಾನು. ನಿನ್ನ ಅಪ್ಪ ಬಾಗಿಲು ಎಳೆದುಕೊಂಡು ಹೋದ ಮೇಲೆ ಇದೇ ಓಟ.

ಅಪ್ಪ ಮನೆ ಬಿಟ್ಟು ಹೋದ ದಿನ ಅಜ್ಜಿ ಮಗನ ಹಿಂದೆ ಹೋಗಲಿಲ್ಲ, ನಿನಗೆ ನೆನಪಿರಬೇಕು. ನೀನಾಗ ಹೈಸ್ಕೂಲು. ಅವರಿಬ್ಬರ ಜಗಳ ಅವರದು, ನಾನು ಈ ಮನೆಯವಳು ಎಂದು ಮಂಚದ ಮೇಲೆ ಕೂತವರು ಏಳಲೇ ಇಲ್ಲ. ಅವತ್ತು ನನಗೆ ಎಷ್ಟು ಧೈರ್ಯ ಬಂದಿತೆಂದರೆ, ಆ ಋಣಕ್ಕೆ ನಾನೇ ಕಟ್ಟಿಬಿದ್ದೆ. ಅತ್ತೆಗೆ ಉಬ್ಬಸ, ಅತ್ತೆಗೆ ಮೆಟ್ಟಿಲು ಆಗುವುದಿಲ್ಲ, ಅತ್ತೆಯನ್ನು ಬಿಟ್ಟು ಹೇಗೆ ಬರಲಿ. ಮದುವೆ ಮನೆಗಳಿಗೆ, ಗೆಳತಿಯರಿಗೆ, ನಿನ್ನ ಹಾಸ್ಟೆಲಿನ ಪಾಲಕರ ದಿನಕ್ಕೆ, ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟೆ.

ಈಗ ಆ ಗುರುವಾರದ್ದು. ‘ಅಜ್ಜಿಗೆ ಸ್ವಲ್ಪ ಹುಷಾರಿರಲಿಲ್ಲ, ಈಗ ಅಪ್ಪನ ಮನೇಲಿದ್ದಾರೆ’ ಎಂದಷ್ಟೇ ನಿನಗೆ ಹೇಳಿದ್ದೆ. ಅದು ಅಷ್ಟೇ ಅಲ್ಲ.

ಊಟದ ಹೊತ್ತು ಕಳೆದಿತ್ತು. ಪಕ್ಕದ ಹುಡುಗಿ ಒಂದು ಕರೆಯಲ್ಲಿದ್ದಳು. ಸೂಪರ್‌ವೈಸರ್ ಮೀಟಿಂಗಿಗೆ ಆಚೆ ಕಟ್ಟಡಕ್ಕೆ ಹೋಗಿದ್ದರು. ನನ್ನ ಲೈನು ಮಿನುಗಿತು, ಎತ್ತಿದೆ.

‘ಹಲೋ, ಮೇಡಂ, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದೀವಿ. ನಮ್ಮಮ್ಮಂಗೆ ಉಸಿರು ಕಟ್ತಿದೆ, ಬೇಗ ಯಾರನ್ನಾದ್ರೂ ಕಳಿಸಿ.’

‘ಹಲೋ’ ಎನ್ನುವಷ್ಟರಲ್ಲೇ ನನಗೆ ಗೊತ್ತಾಯಿತು, ಅದು ನಿನ್ನ ಅಪ್ಪ. ಅವರಿಗೆ ಗೊತ್ತಾಗಲಿಲ್ಲ. ಡ್ಯೂಟಿಯಲ್ಲಿ ನನ್ನ ದನಿಯೇ ಬೇರೆ, ನೀನೇ ಎಷ್ಟೋ ಸಲ ಅಣಕಿಸಿದ್ದೀಯ. ಕಟ್ಟಿಕೊಂಡ ಗಂಡನ ಬಾಯಲ್ಲಿ ಮೇಡಂ ಅನ್ನಿಸಿಕೊಂಡೆ. ಅಡ್ರೆಸ್ ಹೇಳಿ ಎಂದೆ. ನಮ್ಮದೇ ಬಿಲ್ಡಿಂಗು. ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವೆ ನಿಂತಿದೆಯಂತೆ.

ಕರೆ ಮಾಡಿದವರು ಸ್ವಂತದವರಾದರೆ ಪಕ್ಕದ ಕುರ್ಚಿಗೆ ಕೊಡಬೇಕು, ಅದು ನಿಯಮ. ಪಕ್ಕಕ್ಕೆ ನೋಡಿದೆ. ಹುಡುಗಿ ಯಾರಿಗೋ ಎದೆ ಒತ್ತುವುದು ಹೇಗೆಂದು ಹೇಳಿಕೊಡುತ್ತಿದ್ದಳು. ಯಾರಿಗೆ ಕೊಡಲಿ? ನನ್ನ ಬೆರಳುಗಳು ತಮ್ಮ ಪಾಡಿಗೆ ಅಡ್ರೆಸ್ ಒತ್ತಿದವು, ಅಗ್ನಿಶಾಮಕದವರಿಗೆ ತಿಳಿಸಿದವು. ಪ್ರತಿ ಕರೆಯಲ್ಲೂ ಕೇಳಲೆಂದು ಕಾರ್ಡಿನಲ್ಲಿ ಅಚ್ಚು ಹಾಕಿಟ್ಟ ಪ್ರಶ್ನೆಗಳನ್ನು ಕೇಳುತ್ತಾ ಹೋದೆ.

‘ಅಮ್ಮ ನಿಂತಿದಾರಾ, ಕೂತಿದಾರಾ?’

‘ನಿಂತಿದಾರೆ, ಗೋಡೆ ಹಿಡ್ಕೊಂಡು.’

‘ಕೆಳಗೆ ಕೂರಿಸಿ. ಸ್ವಲ್ಪ ಮುಂದಕ್ಕೆ ಬಾಗಿ ಕೂತ್ಕೊಳ್ಳಲಿ. ಮಲಗಿಸಬೇಡಿ. ಉಬ್ಬಸದ ಪಂಪ್ ಇದೆಯಾ?’

‘ಸೂಟ್‌ಕೇಸಲ್ಲಿದೆ ಅಂತಿದಾರೆ. ಸೂಟ್‌ಕೇಸನ್ನ ಆಗ್ಲೇ ಕಾರಲ್ಲಿ ಇಟ್ಟು ಬಂದ್ಬಿಟ್ಟೆ ಮೇಡಂ.’

ಸೂಟ್‌ಕೇಸು! ಬೆಳಿಗ್ಗೆ ನಾನು ಹೊರಡುವಾಗ ಅಜ್ಜಿ ಎಂದಿನ ಹಾಗೆ ಪೇಪರು ಹಿಡಿದು ಕೂತಿದ್ದರು. ಹೋಗಿ ಬಾ ಎಂದಿದ್ದರು. ಅವರು ಬಿಟ್ಟು ಹೋಗುತ್ತಿದ್ದಾರೆ, ನನ್ನ ಬೆನ್ನ ಹಿಂದೆ ಹೋಗುತ್ತಿದ್ದಾರೆ ಎಂಬುದು ಹೀಗೆ, ಕಾರ್ಡಿನ ಒಂದು ಪ್ರಶ್ನೆಗೆ ಉತ್ತರವಾಗಿ, ನನಗೆ ತಿಳಿಯಿತು. ಅಳುವುದಕ್ಕೂ ಬಿಡುವಿರಲಿಲ್ಲ.

‘ಅವರ ಕೈಚೀಲ ಜೊತೇಲಿದೆಯಾ?’

‘ಇದೆ.’

‘ಒಳಗಿನ ಜಿಪ್ ತೆಗೀರಿ. ಕನ್ನಡಕದ ಡಬ್ಬಿ ಇರುತ್ತೆ. ಅದ್ರಲ್ಲಿ ಕನ್ನಡಕ ಇಲ್ಲ, ಇನ್ನೊಂದು ಪಂಪ್ ಇದೆ.’

ಜಿಪ್ ಎಳೆದ ಸದ್ದು, ಡಬ್ಬಿಯ ಮುಚ್ಚಳದ ಸದ್ದು. ಪುಸ್ ಎಂದು ಒಂದು ಸಲ. ಆಮೇಲೆ ನಿನ್ನ ಅಪ್ಪನ ದನಿ ಬಹಳ ಸಣ್ಣದಾಗಿ ಬಂತು.

‘ನೀನಾ?’

‘ಸ್ವಲ್ಪ ತಡೆದು ಇನ್ನೊಂದು ಸಲ ಕೊಡಿ’ ಎಂದೆ.

‘ಬಾರೇ, ಇಲ್ಲೇ ಇದೀಯಲ್ಲ, ಎರಡು ಬೀದಿ ಆಚೆ. ಓಡಿ ಬಾರೇ.’

‘ಏಳೋ ಹಾಗಿಲ್ಲ’ ಎಂದೆ. ಎರಡು ಬೀದಿ ನಿಜ. ಓಡಿದರೆ ಗಾಡಿಗಿಂತ ಮೊದಲು ಮುಟ್ಟುತ್ತಿದ್ದೆ. ಆದರೆ ನಾನು ಎದ್ದರೆ ಇನ್ನೊಬ್ಬರ ಕರೆ ಖಾಲಿ ಕುರ್ಚಿಗೆ ಬಡಿದುಕೊಳ್ಳುತ್ತದೆ. ಕಾಲು ತಾನಾಗಿ ನೆಲ ಒದೆಯಿತು, ಕುರ್ಚಿ ಹಿಂದಕ್ಕೆ ಸರಿಯಿತು, ವೈರು ಬಿಗಿದುಕೊಂಡು ತಲೆಯನ್ನು ಜಗ್ಗಿತು. ಮತ್ತೆ ಮುಂದಕ್ಕೆ ಎಳೆದುಕೊಂಡು ಕೂತೆ.

ಅವತ್ತು ನಮ್ಮ ಒಂದು ಗಾಡಿ ಗ್ಯಾರೇಜಿನಲ್ಲಿತ್ತು, ಒಂದು ರೋಗಿಯನ್ನು ಕರೆದುಕೊಂಡು ಸೇತುವೆಯಾಚೆಯ ಆಸ್ಪತ್ರೆಗೆ ಹೋಗಿತ್ತು. ಖಾಲಿ ಇದ್ದದ್ದು ಒಂದೇ. ಅದನ್ನು ನಮ್ಮ ಬಿಲ್ಡಿಂಗಿಗೆ ಹಾಕಿದ್ದೆ. ಅಷ್ಟರಲ್ಲಿ ಪಕ್ಕದ ಹುಡುಗಿ ಮೈಕು ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು. ‘ಅಕ್ಕಾ, ಗಾಡಿ ನಂಗೆ ಬೇಕು. ಇವರಿಗೆ ಉಸಿರೇ ಇಲ್ಲ.’

ಉಸಿರಿಗೆ ಕಷ್ಟಪಡುವವರಿಗಿಂತ ಉಸಿರೇ ಇಲ್ಲದವರು ಮುಂದೆ. ಹೊಸಬರಿಗೆ ಮೊದಲ ದಿನ ಇದನ್ನು ಹೇಳಿಕೊಡುವವಳೇ ನಾನು. ನನ್ನ ಪರದೆಯ ಮೇಲೆ ಯಾರಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಲಿಲ್ಲ. ಹೇಳಿದ್ದರೆ ಗಾಡಿ ತೆಗೆದುಕೊಳ್ಳಲು ಅವಳು ಹಿಂಜರಿಯುತ್ತಿದ್ದಳು. ಗಾಡಿಯನ್ನು ನಮ್ಮ ಅಡ್ರೆಸ್ಸಿನಿಂದ ತೆಗೆದು ಅವಳಿಗೆ ಹಾಕಿದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು, ಅಷ್ಟು ಸುಲಭ. ನಿನ್ನ ಪತ್ರದಲ್ಲಿದ್ದ ಆ ಪದದ ಕೊನೆಯ ಅರ್ಥ ಆಗ ನೆನಪಾಯಿತು ನೋಡು.

‘ಗಾಡಿ ಎಲ್ಲಿಗೆ ಬಂತು?’ ನಿನ್ನ ಅಪ್ಪ ಕೇಳುತ್ತಲೇ ಇದ್ದರು. ‘ಅಗ್ನಿಶಾಮಕದವರು ಹೊರಟಿದ್ದಾರೆ’ ಎಂದೆ. ಅದು ನಿಜ. ಇನ್ನೊಂದನ್ನು ಹೇಳಲಿಲ್ಲ. ಫೋನನ್ನು ಅಮ್ಮನ ಕಿವಿಗೆ ಹಿಡಿಯಿರಿ ಎಂದೆ. ಅಜ್ಜಿಗೆ ಮಾತು ಹೊರಡುತ್ತಿರಲಿಲ್ಲ. ಹಳೆಯ ಕಿಟಕಿಯ ಸಂದಿನಲ್ಲಿ ಗಾಳಿ ನುಗ್ಗಿದಂತೆ ಉಸಿರು ಮಾತ್ರ ಕೇಳುತ್ತಿತ್ತು. ‘ಅತ್ತೆ, ನಾನು. ಏನೂ ಮಾತಾಡಬೇಡಿ. ಸೀಟಿ ಊದೋ ಹಾಗೆ ತುಟಿ ಮಾಡ್ಕೊಂಡು ನಿಧಾನಕ್ಕೆ ಉಸಿರು ಬಿಡಿ. ಇನ್ನೊಂದು ಸಲ.’ ಅವರು ಬಿಟ್ಟರೆ ನಾನೂ ಬಿಡುತ್ತಿದ್ದೆ. ಎಷ್ಟು ಹೊತ್ತು ಹಾಗಿದ್ದೆವೋ ತಿಳಿಯದು. ಕಬ್ಬಿಣ ಕಿರುಗುಟ್ಟಿದ ಸದ್ದು ಕೇಳಿತು, ಗಂಡಸರ ದನಿ ಕೇಳಿತು, ಫೋನು ಎಲ್ಲೋ ಬಿದ್ದು ಕರೆ ಹೋಯಿತು. ಸೇತುವೆಯಾಚೆಯ ಗಾಡಿ ರೋಗಿಯನ್ನು ಇಳಿಸಿದ ತಕ್ಷಣ ಅದನ್ನೇ ತಿರುಗಿಸಿದ್ದೆ. ಬಾಗಿಲು ತೆರೆದು ಸ್ವಲ್ಪ ಹೊತ್ತಿಗೆ ಅದು ಬಂತಂತೆ. ಅಷ್ಟರಲ್ಲಿ ನಾನು ಇನ್ನೊಂದು ಕರೆಯಲ್ಲಿದ್ದೆ. ಯಾವುದೋ ಮಗು ಗುಂಡಿ ನುಂಗಿತ್ತು.

ಡ್ಯೂಟಿ ಮುಗಿಯುವವರೆಗೂ ಕೂತಿದ್ದೆ ಎಂದರೆ ನನ್ನನ್ನು ಕಲ್ಲೆದೆಯವಳು ಅನ್ನಬೇಡ. ಬದಲಿ ಬರುವವರೆಗೆ ಏಳಲು ಬರುವುದಿಲ್ಲ. ಹುಡುಗಿಯ ಕರೆಯಲ್ಲಿದ್ದವರು ಉಳಿದರೋ ಇಲ್ಲವೋ, ಅದೂ ನಮಗೆ ತಿಳಿಯಲಿಲ್ಲ. ನಾವು ಕಳಿಸುತ್ತೇವೆ, ಆಮೇಲಿನದು ನಮ್ಮವರೆಗೆ ಬರುವುದಿಲ್ಲ.

ಆಸ್ಪತ್ರೆಗೆ ಹೋದಾಗ ನಿನ್ನ ಅಪ್ಪ ವಾರ್ಡಿನ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದರು. ತಮ್ಮ ಪೇಂಟ್ ಅಂಗಡಿಯಿಂದಲೇ ನೇರವಾಗಿ ಅಜ್ಜಿಯನ್ನು ಕರೆದೊಯ್ಯಲು ಬಂದಿದ್ದರೋ ಏನೋ, ಉಗುರಿನ ತುಂಬ ನೀಲಿ ಬಣ್ಣ. ಕೂದಲು ಎಷ್ಟು ಹಣ್ಣಾಗಿದೆ ಗೊತ್ತಾ? ಜಗಳ ತೆಗೆಯಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆಗೆಯುವ ಮೊದಲೇ, ‘ನಾನಾಗಿ ಬಂದಿದ್ದಲ್ಲ. ಅಮ್ಮನೇ ಫೋನ್ ಮಾಡಿ ಕರೆಸಿದ್ದು’ ಎಂದರು. ಬೆಂಚಿನ ಈ ತುದಿಯಲ್ಲಿ ನಾನೂ ಸ್ವಲ್ಪ ಹೊತ್ತು ಕೂತೆ.

ಅಜ್ಜಿಯ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ.

‘ಯಾಕತ್ತೆ? ನಾನೇನು ಕಮ್ಮಿ ಮಾಡಿದ್ದೆ?’

‘ನಿನ್ನ ಡ್ಯೂಟಿ ನೋಡ್ಕೊಂಡೇ ಅವನನ್ನ ಕರೆಸಿದ್ದೆ ಕಣೇ. ನೀನಿದ್ರೆ ಬಿಡ್ತಿರ್ಲಿಲ್ಲ.’

‘ಹೌದು, ಬಿಡ್ತಿರ್ಲಿಲ್ಲ.’

‘ಅದಕ್ಕೇ.’

ಸ್ವಲ್ಪ ಸುಧಾರಿಸಿಕೊಂಡು ಹೇಳಿದರು. ದೊಡ್ಡ ನಗರದ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಕಲಿಸುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ನಿನಗೂ ಇದನ್ನು ಹೇಳಿರಲಿಲ್ಲ, ಕೋಪ ಮಾಡಿಕೊಳ್ಳಬೇಡ. ಬಾಲ್ಕನಿಯಲ್ಲಿ ನಿಂತು ಅಲ್ಲಿನ ಮುಖ್ಯಸ್ಥರಿಗೆ, ನಮ್ಮತ್ತೆಯನ್ನು ಬಿಟ್ಟು ಬರಲು ಆಗುವುದಿಲ್ಲ ಸರ್ ಎಂದಿದ್ದೆ. ಅಜ್ಜಿ ಒಳಗೆ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಿದ್ದಾರೆ. ಒಂದು ಸಲವಲ್ಲ, ಆ ಮುಖ್ಯಸ್ಥರು ಮತ್ತೆ ಕೇಳಿದಾಗಲೂ.

‘ನಾನು ಯಾವತ್ತಾದ್ರೂ ನಿನ್ನ ಸೆರಗು ಹಿಡ್ಕೊಂಡಿದ್ನಾ? ಎಲ್ಲಿಗೂ ಹೋಗಬೇಡ ಅಂದಿದ್ನಾ? ನನ್ನ ಹೆಸರು ಹೇಳ್ಕೊಂಡು ಬಾಗಿಲು ಹಾಕ್ಕೊಳ್ತಾ ಇದ್ದೀಯ ನೀನು. ನಾನು ಸತ್ತ ಮೇಲೆ ಯಾರ ಹೆಸರು ಹೇಳ್ತೀಯಾ?’

ಮಗಳೇ, ಅವರು ಹೇಳಿದ್ದು ನಿಜ. ಆ ಹೊಸ ನಗರ, ಹಲಗೆಯ ಮುಂದೆ ನಿಂತು ಹತ್ತಾರು ಜನರೆದುರು ಮಾತಾಡುವುದು, ಅಲ್ಲಿ ನನ್ನ ಪರಿಚಯ ಕೇಳಿದರೆ ಏನು ಹೇಳುವುದು. ಇದೆಲ್ಲ ನೆನೆದರೆ ನನಗೆ ಹೆದರಿಕೆಯಾಗುತ್ತಿತ್ತು. ಅತ್ತೆಯ ಉಬ್ಬಸ ನನಗೆ ಅನುಕೂಲವಾಗಿತ್ತು. ಇದನ್ನು ಬರೆಯಲು ಎಷ್ಟು ನಾಚಿಕೆಯಾಗುತ್ತಿದೆ ನೋಡು. ನನ್ನನ್ನು ಕಟ್ಟಿಹಾಕಿದವರು ಅವರಲ್ಲ. ನಾನೇ ಅವರನ್ನು ಗೂಟ ಮಾಡಿ ನೆಟ್ಟು, ಸುತ್ತ ಹಗ್ಗ ಸುತ್ತಿಕೊಂಡು, ಬಿಗಿಯಾಗುತ್ತಿದೆ ಎಂದು ನಿಟ್ಟುಸಿರು ಬಿಡುತ್ತಿದ್ದೆ. ಅಜ್ಜಿ ಆ ಗೂಟವನ್ನೇ ಕಿತ್ತುಕೊಂಡು ಹೊರಟರು.

ಆಸ್ಪತ್ರೆಯಿಂದ ಅವರು ನೇರ ಅಪ್ಪನ ಮನೆಗೇ ಹೋದರು. ಅದು ನೆಲದ ಮೇಲಿನ ಮನೆ, ಮೆಟ್ಟಿಲಿಲ್ಲ, ಅಂಗಳದಲ್ಲಿ ಬಿಸಿಲು ಬರುತ್ತದೆ. ಅಪ್ಪ ಮಧ್ಯಾಹ್ನ ಅಂಗಡಿಯಿಂದ ಬಂದು ಊಟಕ್ಕೆ ಬಡಿಸುತ್ತಾರಂತೆ. ಅಜ್ಜಿ ಅಲ್ಲಿ ಆರಾಮವಾಗಿದ್ದಾರೆ, ನೀನು ಚಿಂತೆ ಮಾಡಬೇಡ.

ನಾನು ಹೇಗಿದ್ದೇನೆ ಎಂದು ಕೇಳುತ್ತೀಯ. ಮೊದಲ ವಾರ ಡ್ಯೂಟಿ ಮುಗಿದ ಕೂಡಲೇ ಎಂದಿನಂತೆ ಓಡುತ್ತಿದ್ದೆ. ಬೀದಿಯ ತಿರುವಿನಲ್ಲಿ, ಯಾಕೆ ಓಡುತ್ತಿದ್ದೇನೆ ಎಂದು ನೆನಪಾಗಿ ನಿಲ್ಲುತ್ತಿದ್ದೆ. ಹಿಂದಿನಿಂದ ಬರುತ್ತಿದ್ದವರು ಡಿಕ್ಕಿ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಮನೆಗೆ ಬಂದು ಬಾಗಿಲು ಹಾಕಿದರೆ ಗೋಡೆಗಳೆಲ್ಲ ಒಂದು ಹೆಜ್ಜೆ ಹತ್ತಿರ ಬಂದ ಹಾಗೆ. ಯಾರೂ ತಡೆಯುವವರಿಲ್ಲ ಎಂದಾಗಲೇ ಅಲ್ಲಾಡಲು ಆಗದ ಹಾಗೆ ಕೂತಿರುತ್ತಿದ್ದೆ. ಒಬ್ಬಳೇ ಸಿನಿಮಾಗೆ ಹೋಗೋಣ ಎಂದು ಸೀರೆ ಬದಲಿಸಿಕೊಂಡು, ಬೀಗ ಕೈಯಲ್ಲಿ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿ ಸುಮಾರು ಹೊತ್ತು ನಿಂತು, ವಾಪಸು ಬಂದು ಸೀರೆ ಮಡಚಿಟ್ಟಿದ್ದೇನೆ. ನಗಬೇಡ. ನಕ್ಕರೂ ಪರವಾಗಿಲ್ಲ.

ಹೋದ ಶುಕ್ರವಾರ ತರಬೇತಿ ಕೇಂದ್ರದ ಮುಖ್ಯಸ್ಥರು ಮತ್ತೆ ಫೋನ್ ಮಾಡಿದರು. ‘ಅಮ್ಮಾ, ಆ ಜಾಗ ಇನ್ನೂ ಹಾಗೇ ಇದೆ, ಕೊನೇ ಸಲ ಕೇಳ್ತಿದೀನಿ’ ಎಂದರು. ರೂಢಿಯ ಮಾತು ನಾಲಿಗೆಯ ತುದಿಯವರೆಗೆ ಬಂತು. ನಮ್ಮತ್ತೆ ಎಂದೂ ಬಿಟ್ಟೆ. ಆಮೇಲೆ ಮುಂದಕ್ಕೆ ಹೇಳಲು ಏನೂ ಇರಲಿಲ್ಲ. ಆಚೆಯಿಂದ ಅವರು ಕಾಯುತ್ತಿದ್ದರು. ಬರ್ತೀನಿ ಸರ್ ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಬೇರೆ ಮಾತು ಸಿಗದೆ ಹೇಳಿದ್ದು. ಮುಂದಿನ ತಿಂಗಳ ಮೊದಲ ದಿನ ಸೇರಬೇಕು. ಹೆದರಿಕೆ ಹೋಗಿಲ್ಲ. ನಿನ್ನೆ ಪೆಟ್ಟಿಗೆ ಕೆಳಗಿಳಿಸಿದ್ದೇನೆ, ಇನ್ನೂ ತೆರೆದಿಲ್ಲ. ನೀನು ಬಂದು ಒಂದೆರಡು ದಿನ ಇದ್ದರೆ ತೆರೆದೇನು.

ನಿನ್ನ ಬರಹಕ್ಕೆ ಮೇಷ್ಟ್ರು ಏನಂದರು, ಬರೆ. ಚಳಿಯಲ್ಲಿ ಒದ್ದೆ ತಲೆ ಬಿಟ್ಟುಕೊಂಡು ಓಡಾಡಬೇಡ.

ನಿನ್ನ ದಾರಿ ನೋಡುತ್ತಾ,
ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು. ಅಜ್ಜಿ ಅಲ್ಲಿ ಆರಾಮವಾಗಿದ್ದಾರೆ ಎಂದು ಮೇಲೆ ಬರೆದೆನಲ್ಲ, ಅದು ನಿನ್ನ ಅಪ್ಪ ಹೇಳಿದ ಮಾತು. ಅಜ್ಜಿ ಅಲ್ಲಿಗೆ ಹೋದ ಮೇಲೆ ನಮ್ಮ ತುರ್ತು ನಂಬರಿಗೆ ಮಧ್ಯಾಹ್ನದ ಹೊತ್ತು ಒಂದು ಕರೆ ಬರುತ್ತಿದೆ. ಪಕ್ಕದ ಹುಡುಗಿ ಎತ್ತಿದರೆ ತಕ್ಷಣ ಕಟ್ಟಾಗುತ್ತದೆ. ನಾನು ಎತ್ತಿದರೆ ಇರುತ್ತದೆ. ಮಾತಿಲ್ಲ, ಉಸಿರು ಮಾತ್ರ. ಇಂಥ ನಂಬರನ್ನು ಬರೆದು ಸೂಪರ್‌ವೈಸರ್‌ಗೆ ಕೊಡಬೇಕು, ಕೊಟ್ಟಿಲ್ಲ. ಕಾರ್ಡಿನ ಪ್ರಶ್ನೆಗಳನ್ನೇ ಕೇಳುತ್ತೇನೆ. ಎಲ್ಲಿದೀರಾ? ಉಸಿರಾಡೋಕೆ ಕಷ್ಟ ಆಗ್ತಿದೆಯಾ? ಜೊತೇಲಿ ಯಾರಾದ್ರೂ ಇದಾರಾ? ಈ ಕೊನೆಯದನ್ನು ಕೇಳಿದ ಕೂಡಲೇ ಆಚೆ ಫೋನ್ ಇಡುತ್ತಾರೆ. ನಿನ್ನೆ ಪ್ರಶ್ನೆ ಕೇಳಲಿಲ್ಲ. ‘ಅತ್ತೆ, ಕೆಲಸಕ್ಕೆ ಒಪ್ಪಿಕೊಂಡೆ. ಒಂದನೇ ತಾರೀಕಿನಿಂದ ಈ ಕುರ್ಚೀಲಿ ಬೇರೆಯವರು ಇರ್ತಾರೆ’ ಎಂದೆ. ಬಹಳ ಹೊತ್ತು ಉಸಿರು ಹಾಗೇ ಕೇಳುತ್ತಿತ್ತು. ನಿನಗೆ ಗೊತ್ತಲ್ಲ, ನಾವು ಯಾರಾದರೂ ಹೊಸಿಲು ದಾಟುವಾಗ ಹೋಗ್ತೀನಿ ಅಂದರೆ ಅಜ್ಜಿ ಗದರಿಸಿ, ಹೋಗಿ ಬರ್ತೀನಿ ಅಂತ ಹೇಳಿಸುತ್ತಿದ್ದರು. ತಾವೂ ಯಾವತ್ತೂ ಹೋಗಿ ಬಾ ಎಂದೇ ಹೇಳಿದವರು, ಅಂಗಡಿಗೆ ಕಳಿಸುವಾಗಲೂ. ನಿನ್ನೆ ಒಂದೇ ಮಾತು ಹೇಳಿ ಫೋನ್ ಇಟ್ಟರು.

‘ಹೋಗು.’